ರಾಯಚೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ಎಷ್ಟು ದೂರ, ಎಷ್ಟು ತಾಸು?

ಮಗಳಿಗೆ ಜೂನ್ ಕೊನೆಗೆ ದಿನ ತುಂಬುತ್ತದೆ ಎಂದು ಗೊತ್ತಾದ ದಿನವೇ ನಮ್ಮ ಮನೆಯಲ್ಲಿ ಒಂದು ಪ್ರಶ್ನೆ ಎದ್ದಿತು. "ಅಲ್ಲಿಗೆ ಎಷ್ಟು ದೂರ? ಎಷ್ಟು ತಾಸು ಬೇಕು?" ಕೇಳಿದವರು ನಮ್ಮ ಮನೆಯವರು. ಅವರಿಗೆ ಮೊಣಕಾಲು ನೋವು. ಅಷ್ಟು ಹೊತ್ತು ಕೂತು ಬರುವುದು ಆಗದ ಮಾತು. ಬಾಣಂತನಕ್ಕೆ ನಾನೊಬ್ಬಳೇ ಹೊರಡಬೇಕಿತ್ತು. ಮಗಳು ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಊರಿನಲ್ಲಿ. ಅದಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಯಬೇಕು.

ಫೋನಿನಲ್ಲಿ ಹುಡುಕಿದೆವು. ಒಂದು ಕಡೆ 13,700 ಕಿ.ಮೀ. ಅಂತ ಬಂತು. ಇನ್ನೊಂದು ಕಡೆ 15,600. ಹೊತ್ತಿನ ಲೆಕ್ಕವಂತೂ ಇನ್ನೂ ಗೊಂದಲ. 17 ತಾಸು, 22 ತಾಸು, 26 ತಾಸು. ನಮ್ಮವರು ಫೋನ್ ಕೆಳಗಿಟ್ಟು, "ಇದರಲ್ಲಿ ಯಾವುದು ಖರೆ?" ಅಂದರು. ನಾನು ರಾಯಚೂರಿನ ಸರ್ಕಾರಿ ಹೈಸ್ಕೂಲಿನಲ್ಲಿ 31 ವರ್ಷ ಗಣಿತ ಕಲಿಸಿದವಳು. ಉತ್ತರ ಬೇರೆ ಬೇರೆ ಬಂದರೆ ಪ್ರಶ್ನೆಯನ್ನು ಇನ್ನೊಮ್ಮೆ ಓದಿ ಅಂತ ಮಕ್ಕಳಿಗೆ ಹೇಳುತ್ತಿದ್ದೆ. ಈಗ ನಾನೇ ಹಾಗೆ ಮಾಡಬೇಕಾಯಿತು.

ಮೊದಲು ದೂರ. ಗೋಡೆಯ ಮೇಲೆ ತೂಗು ಹಾಕುವ ಜಗತ್ತಿನ ನಕ್ಷೆ ನೆನಪು ಮಾಡಿಕೊಳ್ಳಿ. ಭಾರತ ಬಲಗಡೆ, ಅಮೆರಿಕ ಎಡಗಡೆ. ರಾಯಚೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಅರಬ್ ದೇಶ, ಆಫ್ರಿಕಾದ ಮೇಲ್ಭಾಗ, ಅಟ್ಲಾಂಟಿಕ್ ಸಮುದ್ರ ಎಲ್ಲ ದಾಟಿ ಹೋಗುತ್ತದೆ. ಆ ಗೆರೆ ಹಿಡಿದೇ ಹಾರಿದರೆ 19,700 ಕಿ.ಮೀ. ದಾಟುತ್ತದೆ. ನಕ್ಷೆಯಲ್ಲಿ ನೆಟ್ಟಗೆ ಕಾಣುವ ದಾರಿ ಭೂಮಿಯ ಮೇಲೆ ನೆಟ್ಟಗಿಲ್ಲ. ಗುಂಡಗಿರುವ ಭೂಮಿಯನ್ನು ಕಾಗದದ ಮೇಲೆ ಚಪ್ಪಟೆ ಮಾಡಿದ್ದೇವೆ, ಅಷ್ಟೇ.

ನಿವೃತ್ತಿಯ ದಿನ ಶಾಲೆಯವರು ನನಗೆ ಒಂದು ಗ್ಲೋಬ್ ಕೊಟ್ಟಿದ್ದರು. ಅದನ್ನು ಒರೆಸಿ ಮೇಜಿನ ಮೇಲಿಟ್ಟೆ. ಹೊಲಿಗೆ ಡಬ್ಬಿಯಿಂದ ಕೆಂಪು ದಾರ ತೆಗೆದೆ. ಮೊದಲು ಭೂಮಧ್ಯ ರೇಖೆಯ ಸುತ್ತ ದಾರ ಸುತ್ತಿ ಅಳೆದೆ. 94 ಸೆಂಟಿಮೀಟರ್ ಬಂತು. ನಿಜವಾದ ಸುತ್ತಳತೆ 40,075 ಕಿ.ಮೀ. ಅಂದರೆ ಗ್ಲೋಬಿನ ಒಂದು ಸೆಂಟಿಮೀಟರಿಗೆ ಸುಮಾರು 425 ಕಿ.ಮೀ. ಆಮೇಲೆ ದಾರದ ಒಂದು ತುದಿ ಕೃಷ್ಣಾ ತುಂಗಭದ್ರೆಯ ನಡುವೆ ನಮ್ಮ ಊರಿನ ಜಾಗದಲ್ಲಿ ಹಿಡಿದೆ. ಇನ್ನೊಂದು ತುದಿ ನಮ್ಮವರು ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಹಿಡಿದರು. ದಾರವನ್ನು ಬಿಗಿಯಾಗಿ ಎಳೆದೆವು.

ದಾರ ಪಡುವಣಕ್ಕೂ ಹೋಗಲಿಲ್ಲ, ಮೂಡಣಕ್ಕೂ ಹೋಗಲಿಲ್ಲ. ಬಡಗಣಕ್ಕೆ ಹತ್ತಿತು! ಹಿಮಾಲಯ, ಚೀನಾ, ಸೈಬೀರಿಯಾ ದಾಟಿ, ಉತ್ತರದ ಹಿಮದ ಸಮುದ್ರದ ಅಂಚು ಮುಟ್ಟಿ, ಅಲಾಸ್ಕಾ ಕಡೆಯಿಂದ ಕೆಳಗಿಳಿಯಿತು. ನಮ್ಮವರು ಎರಡು ಸಲ ದಾರ ಸಡಿಲಿಸಿ ಮತ್ತೆ ಎಳೆದು ನೋಡಿದರು. ಪ್ರತಿ ಸಲವೂ ಅದೇ ದಾರಿ. ಅಳೆದರೆ 32 ಸೆಂಟಿಮೀಟರಿಗೆ ಚೂರು ಜಾಸ್ತಿ. ಅಂದಾಜು 13,600 ಕಿ.ಮೀ.

ದಾರದ ಲೆಕ್ಕಕ್ಕೆ ಸಾಕ್ಷಿ ಬೇಕಲ್ವಾ? ಎರಡೂ ಊರುಗಳ ಅಕ್ಷಾಂಶ ರೇಖಾಂಶ ಬರೆದುಕೊಂಡೆ. ರಾಯಚೂರು ಉತ್ತರಕ್ಕೆ 16.2 ಡಿಗ್ರಿ, ಪೂರ್ವಕ್ಕೆ 77.4. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ ಉತ್ತರಕ್ಕೆ 37.6, ಪಶ್ಚಿಮಕ್ಕೆ 122.4. ಗೋಳದ ಮೇಲಿನ ತ್ರಿಕೋನಕ್ಕೆ ಸೈನ್ ಕೊಸೈನ್ ಸೂತ್ರ ಒಂದಿದೆ. ಅದರಲ್ಲಿ ಈ ಅಂಕಿ ಹಾಕಿದರೆ ಎರಡು ಊರುಗಳ ನಡುವಿನ ಕೋನ 123 ಡಿಗ್ರಿ ಬರುತ್ತದೆ. ಒಂದು ಡಿಗ್ರಿಗೆ 111 ಕಿ.ಮೀ.ಗಿಂತ ತುಸು ಜಾಸ್ತಿ. ಗುಣಿಸಿದರೆ 13,700ರ ಹತ್ತಿರ. ಹೊಲಿಗೆ ದಾರ ನೂರು ಕಿಲೋಮೀಟರಿನಷ್ಟೂ ತಪ್ಪಿರಲಿಲ್ಲ. ಇಷ್ಟು ವರ್ಷ ಇದನ್ನು ತರಗತಿಯಲ್ಲಿ ಮಾಡಿ ತೋರಿಸಲಿಲ್ಲವಲ್ಲ ಅಂತ ನನಗೆ ಆವತ್ತು ನಿಜವಾಗಿ ಬೇಜಾರಾಯಿತು. ಒಂದು ಗ್ಲೋಬು, ಒಂದು ಮಾರು ದಾರ. ಇಷ್ಟೇ ಸಾಕಿತ್ತು.

ಇನ್ನೊಂದು ಮಾತು. ಭೂಮಿಯ ಸುತ್ತಳತೆಯ ಅರ್ಧ 20,000 ಕಿ.ಮೀ. ಜಗತ್ತಿನ ಯಾವ ಊರೂ ರಾಯಚೂರಿನಿಂದ ಅದಕ್ಕಿಂತ ಹೆಚ್ಚು ದೂರ ಇರಲು ಆಗುವುದಿಲ್ಲ. ಆ ಲೆಕ್ಕದಲ್ಲಿ ಮಗಳು ಮೂರರಲ್ಲಿ ಎರಡು ಪಾಲು ದೂರದಲ್ಲಿದ್ದಾಳೆ. ಇದನ್ನು ಹೇಳಿದಾಗ ನಮ್ಮವರು ಸ್ವಲ್ಪ ಹೊತ್ತು ಸುಮ್ನೆ ಕೂತರು.

ಹಾಗಾದರೆ 15,600 ಎಲ್ಲಿಂದ ಬಂತು? ಅದು ನನ್ನ ಟಿಕೆಟಿನ ದಾರಿ. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಬೆಂಗಳೂರು 400 ಕಿ.ಮೀ. ದಾಟುತ್ತದೆ. ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣ 200ರ ಒಳಗೇ ಸಿಗುತ್ತದೆ. ಅಲ್ಲಿಂದ ದುಬೈ, ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೊ. ಹೈದರಾಬಾದ್‌ನಿಂದ ದುಬೈಗೆ ಸುಮಾರು 2,550 ಕಿ.ಮೀ. ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 13,040. ಕೂಡಿಸಿದರೆ 15,590. ದುಬೈಯಲ್ಲಿ ವಿಮಾನ ಬದಲಿಸಲು ನಾನು ಹೆಚ್ಚುವರಿ 1,900 ಕಿ.ಮೀ. ಹಾರುತ್ತೇನೆ ಅಂತಾಯಿತು. ಎರಡೂ ಅಂಕಿ ಖರೆ. ಒಂದು ಊರುಗಳ ನಡುವಿನ ದೂರ, ಇನ್ನೊಂದು ನಾನು ಹೋಗುವ ದೂರ.

ದುಬೈಯ ಲೆಕ್ಕ ಮಾಡುವಾಗ ಇನ್ನೊಂದು ಸೋಜಿಗ ಕಂಡೆ. ದುಬೈ ಪೂರ್ವಕ್ಕೆ 55 ಡಿಗ್ರಿಯಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೊ ಪಶ್ಚಿಮಕ್ಕೆ 122. ಕೂಡಿಸಿದರೆ 178ರ ಹತ್ತಿರ. ಅಂದರೆ ಭೂಮಿಯ ಹೆಚ್ಚೂಕಡಿಮೆ ಎದುರುಬದುರು ಮಗ್ಗಲು. ಹಾಗಿರುವ ಎರಡು ಊರುಗಳ ನಡುವೆ ಅತಿ ಹತ್ತಿರದ ದಾರಿ ಉತ್ತರ ಧ್ರುವದ ಪಕ್ಕದಲ್ಲೇ ಹಾಯುತ್ತದೆ. ಸೂತ್ರದ ಪ್ರಕಾರ ಧ್ರುವದಿಂದ ಬರೀ 200 ಕಿ.ಮೀ. ದೂರ. ರಾಯಚೂರಿಗೂ ಶಂಷಾಬಾದಿಗೂ ಇರುವಷ್ಟು! 2021ರ ಜನವರಿಯಲ್ಲಿ ಏರ್ ಇಂಡಿಯಾದ ಪೈಲಟ್ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಯ ಹೆಣ್ಣುಮಕ್ಕಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲೆ ಹಾರಿ ಬಂದಿದ್ದನ್ನು ಟಿವಿಯಲ್ಲಿ ನೋಡಿದ್ದೆ. ಆ ಎರಡು ಊರುಗಳ ನಡುವೆ ಸುಮಾರು 14,000 ಕಿ.ಮೀ. ಅಷ್ಟು ಮೇಲೆ ಯಾಕೆ ಹೋದರು ಅಂತ ಆಗ ಹೊಳೆದಿರಲಿಲ್ಲ. ದಾರ ಎಳೆದ ಮೇಲೆ ತಿಳಿಯಿತು.

ಈಗ ಹೊತ್ತಿನ ಲೆಕ್ಕ. ನನ್ನ ಟಿಕೆಟಿನಲ್ಲಿ ಹೀಗಿತ್ತು. ಜೂನ್ 14ರ ಬೆಳಗಿನ ಜಾವ 4:20ಕ್ಕೆ ಹೈದರಾಬಾದ್ ಬಿಡುವುದು. 6:35ಕ್ಕೆ ದುಬೈ. 9 ಗಂಟೆಗೆ ದುಬೈ ಬಿಡುವುದು. ಅದೇ ದಿನ ಮಧ್ಯಾಹ್ನ 1:45ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ. ಪಕ್ಕದ ಮನೆಯ ಅಜ್ಜಿ ಇದನ್ನು ಕೇಳಿ, "ಬೆಳಿಗ್ಗೆ ಹತ್ತಿ ಮಧ್ಯಾಹ್ನ ಊಟಕ್ಕೆ ಮಗಳ ಮನೆ ಅಂತೀರಲ್ಲ, ಬೆಂಗಳೂರಿಗಿಂತ ಹತ್ತಿರ ಆಯ್ತು" ಅಂದರು. ಗಡಿಯಾರದ ಮೇಲೆ ನೋಡಿದರೆ ಅವರ ಮಾತು ಸರಿ. 4:20ರಿಂದ 1:45ರವರೆಗೆ 9 ತಾಸು 25 ನಿಮಿಷ. ಆದರೆ ಟಿಕೆಟಿನಲ್ಲಿ ಪ್ರತಿ ಊರಿನ ಹೊತ್ತನ್ನು ಆ ಊರಿನ ಗಡಿಯಾರದಲ್ಲೇ ಬರೆದಿರುತ್ತಾರೆ. ದುಬೈ ನಮಗಿಂತ ಒಂದೂವರೆ ತಾಸು ಹಿಂದೆ. ಕ್ಯಾಲಿಫೋರ್ನಿಯಾ ಬೇಸಿಗೆಯಲ್ಲಿ ನಮಗಿಂತ ಹನ್ನೆರಡೂವರೆ ತಾಸು ಹಿಂದೆ. 9:25ಕ್ಕೆ 12:30 ಕೂಡಿಸಿದರೆ 21 ತಾಸು 55 ನಿಮಿಷ. ಇದರಲ್ಲಿ ಮೊದಲ ವಿಮಾನ 3:45, ದುಬೈಯಲ್ಲಿ ಕಾಯುವುದು 2:25, ಎರಡನೇ ವಿಮಾನ 15:45. ಕೂಡಿಸಿ ನೋಡಿ, ಸರಿ ಬರುತ್ತದೆ.

ದೊಡ್ಡ ವಿಮಾನ ತಾಸಿಗೆ ಸುಮಾರು 900 ಕಿ.ಮೀ. ಓಡುತ್ತದೆ. 13,040ನ್ನು 900ರಿಂದ ಭಾಗಿಸಿದರೆ ಹದಿನಾಲ್ಕೂವರೆ ತಾಸು. ಟಿಕೆಟಿನಲ್ಲಿ ಒಂದೂಕಾಲು ತಾಸು ಜಾಸ್ತಿ ಇದೆ. ಯಾಕೆಂದರೆ ಟಿಕೆಟಿನ ಲೆಕ್ಕ ಶುರುವಾಗುವುದು ವಿಮಾನ ನಿಂತ ಜಾಗ ಬಿಟ್ಟಾಗ. ಮುಗಿಯುವುದು ಇನ್ನೊಂದು ಕಡೆ ಬಂದು ನಿಂತಾಗ. ರನ್‌ವೇವರೆಗೆ ಹೋಗುವುದು, ನಿಧಾನವಾಗಿ ಮೇಲೇರುವುದು, ಇಳಿಯುವ ಮೊದಲು ಸರದಿಗೆ ಸುತ್ತುವುದು, ಎದುರು ಗಾಳಿ, ಎಲ್ಲವೂ ಅದರಲ್ಲಿ ಸೇರುತ್ತವೆ. ಹೈದರಾಬಾದ್ ದುಬೈ ನಡುವೆ ಹಾರಲು ಮೂರು ತಾಸೂ ಬೇಡ, ಆದರೆ ಟಿಕೆಟಿನಲ್ಲಿ 3:45. ದಾರಿ ಚಿಕ್ಕದಾದಷ್ಟೂ ಈ ಹೆಚ್ಚಿನ ಪಾಲು ದೊಡ್ಡದಾಗಿ ಕಾಣುತ್ತದೆ.

ಇಷ್ಟೆಲ್ಲ ಲೆಕ್ಕ ಮಾಡಿಯೂ ಒಂದು ದೊಡ್ಡ ತಪ್ಪು ಆಗುವುದರಲ್ಲಿತ್ತು. ನಮ್ಮವರು ಕಾರಿನವನಿಗೆ "14ನೇ ತಾರೀಖು ಸಂಜೆ ಬಾ" ಅಂತ ಹೇಳಿಬಿಟ್ಟಿದ್ದರು. ಟಿಕೆಟಿನಲ್ಲಿ 14 ಇತ್ತು, ರಾತ್ರಿ ಪ್ರಯಾಣ ಅಂತ ತಲೆಯಲ್ಲಿತ್ತು. ಆದರೆ 14ರ 4:20 ಅಂದರೆ 13ರ ರಾತ್ರಿ ಕಳೆದ ಮೇಲಿನ ಜಾವ. ಹೊರಡುವುದು 13ರ ಸಂಜೆಯೇ. ಇನ್ನು ಹತ್ತು ದಿನ ಇರುವಾಗ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೋದಾಗ ಗೊತ್ತಾಯಿತು. ಕೈಕಾಲು ತಣ್ಣಗಾದವು. ನಡುರಾತ್ರಿ ದಾಟಿದ ವಿಮಾನ ಹತ್ತುವವರೆಲ್ಲ ಈ ಒಂದು ವಿಷಯ ಎರಡು ಸಲ ನೋಡಿಕೊಳ್ಳಿ. ನಮ್ಮ ಬೀದಿಯಲ್ಲೇ ಗಲ್ಫಿಗೆ ಹೊರಟ ಒಬ್ಬರು ಹೀಗೆ ವಿಮಾನ ತಪ್ಪಿಸಿಕೊಂಡಿದ್ದರು.

ಔಷಧಿಯ ಲೆಕ್ಕವೂ ಇತ್ತು. ನಾನು ದಿನಾ ಬೆಳಿಗ್ಗೆ 8ಕ್ಕೆ ಬಿಪಿ ಮಾತ್ರೆ ತಗೋತೀನಿ. ಪ್ರಯಾಣದ ದಿನ ಬೆಳಗು ಯಾವುದು? ಡಾಕ್ಟರನ್ನು ಕೇಳಿದೆ. ಪ್ರಯಾಣದಲ್ಲಿ ಭಾರತದ ಹೊತ್ತನ್ನೇ ನೋಡಿ, ಒಂದು ಮಾತ್ರೆಯಿಂದ ಇನ್ನೊಂದಕ್ಕೆ 24 ತಾಸು ಇಡಿ ಅಂದರು. ಅಲ್ಲಿ ಮುಟ್ಟಿದ ಮೇಲೆ ಹೇಗೆ ಹೊಂದಿಸಬೇಕು ಅಂತಲೂ ಚೀಟಿಯಲ್ಲಿ ಬರೆಸಿಕೊಂಡೆ. ಕೈಗಡಿಯಾರವನ್ನು ಭಾರತದ ಹೊತ್ತಿಗೇ ಬಿಟ್ಟೆ. ಫೋನು ತಾನಾಗಿ ಆಯಾ ಊರಿನ ಹೊತ್ತಿಗೆ ಬದಲಾಗುತ್ತದೆ. ಗಡಿಯಾರ ಎರಡಿದ್ದದ್ದು ದಾರಿಯುದ್ದಕ್ಕೂ ತುಂಬಾ ಉಪಯೋಗಕ್ಕೆ ಬಂತು.

13ರ ಸಂಜೆ 6ಕ್ಕೆ ಮನೆ ಬಿಟ್ಟೆ. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳು, ಕೃಷ್ಣೆಯ ಸೇತುವೆ, ಆಮೇಲೆ ತೆಲಂಗಾಣ. ಮಕ್ತಲ್ ದಾಟಿ ಮಹಬೂಬ್‌ನಗರದಲ್ಲಿ ಚಹಾ ಕುಡಿದೆವು. ಹತ್ತೂವರೆಗೆ ಶಂಷಾಬಾದ್. ನಮ್ಮವರು ಬಾಗಿಲವರೆಗೆ ಬಂದರು. ಒಳಗೆ ಅವರಿಗೆ ಬಿಡುವುದಿಲ್ಲ. ಬ್ಯಾಗಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಬಾಣಂತಿಗೆ ಅಂಟಿನ ಉಂಡೆ. ಒಳಗಿನ ತಪಾಸಣೆ, ಸರದಿ, ಕಾಯುವುದು ಎಲ್ಲ ನಿಮಗೆ ಗೊತ್ತಿರುವುದೇ.

ಮೊದಲ ವಿಮಾನ ಅರಬ್ಬಿ ಸಮುದ್ರದ ಕಡೆ ಹೋಗುವಾಗ ಸುಮಾರು 6 ಗಂಟೆಗೆ ಹಿಂದುಗಡೆ ಸೂರ್ಯ ಹುಟ್ಟಿದ. ಕೈಗಡಿಯಾರ ನೋಡಿ ಬರೆದಿಟ್ಟುಕೊಂಡೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ದುಬೈಯಲ್ಲಿ ಎರಡೂಕಾಲು ತಾಸು ಇದ್ದರೂ ಸುಮ್ನೆ ಕೂತಿದ್ದು ಕಡಿಮೆ. ಇನ್ನೊಮ್ಮೆ ತಪಾಸಣೆ, ಒಳಗಿನ ರೈಲು, ಉದ್ದನೆಯ ನಡಿಗೆ. ವ್ಹೀಲ್‌ಚೇರ್ ಬೇಕು ಅಂತ ಟಿಕೆಟ್ ಮಾಡುವಾಗಲೇ ಮಗಳು ಹಾಕಿಸಿದ್ದಳು. ಕಾಲು ಗಟ್ಟಿ ಇದ್ದರೂ ಭಾಷೆ ಬಾರದ ಜಾಗದಲ್ಲಿ ಅದು ದೊಡ್ಡ ನೆರವು. ನನ್ನ ವಯಸ್ಸಿನವರು ಸಂಕೋಚ ಮಾಡಬೇಡಿ.

ಎರಡನೇ ವಿಮಾನದ ಹದಿನೈದು ಮುಕ್ಕಾಲು ತಾಸು ಹೇಗೆ ಕಳೆಯಿತು ಅಂತ ಎಲ್ಲರೂ ಕೇಳುತ್ತಾರೆ. ಎದುರಿನ ಪುಟ್ಟ ಪರದೆಯಲ್ಲಿ ನಕ್ಷೆ ಹಾಕಿಕೊಂಡು ಕೂತೆ. ಇರಾನ್, ಕ್ಯಾಸ್ಪಿಯನ್ ಸಮುದ್ರ, ರಷ್ಯಾ. ನಮ್ಮ ದಾರದ ಗೆರೆಗೆ ವಿಮಾನ ಪೂರ್ತಿ ಅಂಟಿಕೊಳ್ಳಲಿಲ್ಲ, ಅಲ್ಲಲ್ಲಿ ಸರಿದು ಹೋಯಿತು. ಗಾಳಿ, ಹವೆ, ಯಾವ ದೇಶದ ಆಕಾಶದಲ್ಲಿ ಯಾವ ದಾರಿಗೆ ಅನುಮತಿ ಇದೆ ಅನ್ನುವುದನ್ನೆಲ್ಲ ನೋಡಿ ಪ್ರತಿದಿನದ ದಾರಿ ಗೊತ್ತು ಮಾಡುತ್ತಾರೆ. ಆದರೂ ಮೂತಿ ಉತ್ತರಕ್ಕೇ ಇತ್ತು. ಒಂದೂವರೆ ತಾಸಿಗೊಮ್ಮೆ ಎದ್ದು ಹಿಂದಿನ ಬಾಗಿಲವರೆಗೆ ನಡೆದು ಬರುತ್ತಿದ್ದೆ. ಬಹಳ ಹೊತ್ತು ಕಾಲು ಇಳಿಬಿಟ್ಟು ಕೂತರೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ. ಅದಕ್ಕೆ ಡಾಕ್ಟರ್ ಹೇಳಿದ ಬಿಗಿ ಕಾಲುಚೀಲ ಹಾಕಿದ್ದೆ. ನೀರು ಕುಡಿಯುತ್ತಲೇ ಇದ್ದೆ.

ಹಾಗೆ ನಡೆದು ಹೋದಾಗಲೇ ಹಿಂದಿನ ಬಾಗಿಲಿನ ಚಿಕ್ಕ ಕಿಟಕಿಯಿಂದ ಕೆಳಗೆ ನೋಡಿದೆ. ಬೆಳ್ಳಗೆ, ಕೊನೆಯೇ ಇಲ್ಲದ ಹಿಮ. ನಡುನಡುವೆ ಕಪ್ಪು ಬಿರುಕು. ಬೇಸಿಗೆಯಲ್ಲಿ ನಮ್ಮ ಎರೆ ಹೊಲ ಬಿರಿಯುತ್ತದಲ್ಲ, ಹಾಗೇ. ಇಲ್ಲಿ ನೆಲ ಕಪ್ಪು, ಬಿರುಕಿನಲ್ಲಿ ಏನೂ ಕಾಣುವುದಿಲ್ಲ. ಅಲ್ಲಿ ನೆಲವೇ ಬಿಳಿ, ಬಿರುಕಿನಲ್ಲಿ ಸಮುದ್ರ. ಅದು ಮಣ್ಣಲ್ಲ, ನೀರಿನ ಮೇಲೆ ತೇಲುವ ಮಂಜು ಅಂತ ಗೊತ್ತಿದ್ದೂ ಮೈ ಜುಮ್ಮೆಂದಿತು. ರಾಯಚೂರಿನ ಬಿಸಿಲಿನಲ್ಲಿ ಹುಟ್ಟಿ ಬೆಳೆದವಳು ನಾನು. ಅದರ ಮೇಲೆ ಹಾಯುತ್ತೇನೆ ಅಂತ ಎಂದೂ ಅಂದುಕೊಂಡಿರಲಿಲ್ಲ. ಎಷ್ಟು ಹೊತ್ತು ನಿಂತೆನೋ. ಗಗನಸಖಿ ಬಂದು ನೀರು ಕೊಟ್ಟು ಹೋದಳು, ಕೂರಲು ಹೇಳಲಿಲ್ಲ.

ಅಲ್ಲಿ ಗಂಟೆ ಎಷ್ಟು? ಧ್ರುವದಲ್ಲಿ ಎಲ್ಲಾ ರೇಖಾಂಶಗಳೂ ಒಂದೇ ಕಡೆ ಸೇರುತ್ತವೆ. ಎಲ್ಲ ಊರಿನ ಹೊತ್ತೂ ಅಲ್ಲಿನದೇ, ಯಾವ ಊರಿನದೂ ಅಲ್ಲ. ನನ್ನ ಕೈಗಡಿಯಾರ ರಾಯಚೂರಿನಲ್ಲಿ ಸಂಜೆ ಆರೂವರೆ ಅನ್ನುತ್ತಿತ್ತು. ನಮ್ಮವರು ದೀಪ ಹಚ್ಚುವ ಹೊತ್ತು. ಹೊರಗೆ ನೋಡಿದರೆ ಬಿಸಿಲು. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ.

1:45ಕ್ಕೆ ಸರಿಯಾಗಿ ಇಳಿದೆವು. ಅಧಿಕಾರಿ ಯಾಕೆ ಬಂದಿರಿ, ಎಷ್ಟು ದಿನ ಇರುತ್ತೀರಿ ಅಂತ ಕೇಳಿದರು. ಅಳಿಯ ಬರೆದುಕೊಟ್ಟ ಚೀಟಿ ತೋರಿಸಿದೆ. ಸರದಿ, ಬ್ಯಾಗು, ಕಾರು ಎಲ್ಲ ಮುಗಿದು ಮಗಳ ಮನೆ ಮುಟ್ಟಿದಾಗ ಅಲ್ಲಿ ಸಂಜೆ 4:30. ಕೈಗಡಿಯಾರದಲ್ಲಿ ಬೆಳಿಗ್ಗೆ 5. ಅದೂ 15ನೇ ತಾರೀಖಿನದು. ಮನೆಯ ಬಾಗಿಲಿನಿಂದ ಮಗಳ ಬಾಗಿಲಿಗೆ ಸರಿಯಾಗಿ 35 ತಾಸು. ಅದರಲ್ಲಿ ವಿಮಾನದ್ದು ಹತ್ತೊಂಬತ್ತೂವರೆ. ಉಳಿದ ಹದಿನೈದೂವರೆ ತಾಸು ನೆಲದ ಮೇಲೆಯೇ ಕಳೆದದ್ದು. ಯಾವ ಅಂಕಿಯಲ್ಲೂ ಇದನ್ನು ಯಾರೂ ಹೇಳುವುದಿಲ್ಲ. ಆದರೆ ಮೈಗೆ ಗೊತ್ತಾಗುವುದು ಈ 35 ತಾಸು. ವಯಸ್ಸಾದ ತಂದೆತಾಯಿಯನ್ನು ಕರೆಸಿಕೊಳ್ಳುವ ಮಕ್ಕಳು ಟಿಕೆಟ್ ಮಾಡುವಾಗ ಈ ಲೆಕ್ಕ ಹಾಕಬೇಕು ಅಂತ ನನ್ನ ಮನಸ್ಸಿನ ಮಾತು.

ಏಳೂವರೆಗೆ ಮಾತ್ರೆ ತಗೊಂಡೆ. ರಾಯಚೂರಿನಲ್ಲಿ ಬೆಳಿಗ್ಗೆ 8. ಮಗಳು ಮಲಗು ಅಂದರೂ ನಾನು ಅಂಗಳದಲ್ಲಿ ಕೂತಿದ್ದೆ. ಎಂಟೂವರೆಗೆ ಸೂರ್ಯ ಮುಳುಗಿದ. ಭಾರತದ ಲೆಕ್ಕದಲ್ಲಿ ಮರುದಿನ ಬೆಳಿಗ್ಗೆ 9. ವಿಮಾನದಲ್ಲಿ ಸೂರ್ಯ ಹುಟ್ಟಿದ್ದು 6ಕ್ಕೆ. ಅಂದರೆ ನನ್ನ ಆ ಒಂದು ಹಗಲು 27 ತಾಸಿನದು.

ನಿದ್ದೆ ಸರಿಹೋಗಲು ಹತ್ತು ದಿನ ಬೇಕಾಯಿತು. ರಾತ್ರಿ 2ಕ್ಕೆ ಎಚ್ಚರ. ಅಷ್ಟರಲ್ಲಿ ಮೊಮ್ಮಗಳು ಹುಟ್ಟಿದಳು. ಅವಳಿಗೂ ಹಗಲು ರಾತ್ರಿ ಗೊತ್ತಿಲ್ಲ. ಮಗಳು ಮಲಗಲಿ ಅಂತ ಆ ಹೊತ್ತಿನಲ್ಲಿ ನಾನೇ ಮಗುವನ್ನು ಎತ್ತಿಕೊಂಡು ಕೂತಿರುತ್ತಿದ್ದೆ. ಅದೇ ಹೊತ್ತಿಗೆ ರಾಯಚೂರಿನಲ್ಲಿ ಮಧ್ಯಾಹ್ನ ಎರಡೂವರೆ. ನಮ್ಮವರು ಊಟ ಮಾಡಿ ಫೋನಿಗೆ ಕಾಯುತ್ತಿದ್ದರು. ಮೊಮ್ಮಗಳನ್ನು ಅವರು ಮೊದಲ ತಿಂಗಳೆಲ್ಲ ನೋಡಿದ್ದು ಆ ನಡುರಾತ್ರಿಯಲ್ಲೇ.

ವಾಪಸ್ ಹೊರಟದ್ದು ನವೆಂಬರ್ 25ಕ್ಕೆ. ಆ ತಿಂಗಳ ಮೊದಲ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ. ನಮಗೂ ಅವರಿಗೂ ವ್ಯತ್ಯಾಸ ಹದಿಮೂರೂವರೆ ತಾಸಾಯಿತು. ಮಧ್ಯಾಹ್ನ 3:45ಕ್ಕೆ ಹೊರಟು ಹೈದರಾಬಾದಿಗೆ 27ರ ಬೆಳಗಿನ ಜಾವ 2:35ಕ್ಕೆ ಇಳಿದೆ. ಗಡಿಯಾರದ ಮೇಲೆ 34 ತಾಸು 50 ನಿಮಿಷ. ನಿಜವಾಗಿ ಆದದ್ದು 21 ತಾಸು 20 ನಿಮಿಷ. ಹೋಗುವಾಗ ಒಂಬತ್ತೂವರೆ ಅನಿಸಿದ್ದ ಅದೇ ದಾರಿ! ಈ ಸಲ ಧ್ರುವದ ಮೇಲೆ ಕತ್ತಲೆ. ಪರದೆಯಲ್ಲಿ ಹೊರಗಿನ ಚಳಿ ಮೈನಸ್ 60ರ ಹತ್ತಿರ ಇತ್ತು. ವಿಮಾನದ ಇಂಧನ ಅದರ ಬಗೆ ನೋಡಿ ಮೈನಸ್ 40ರಿಂದ 47ರ ಆಸುಪಾಸಿನಲ್ಲಿ ಗಟ್ಟಿಯಾಗತೊಡಗುತ್ತದೆ ಅಂತ ಅಳಿಯ ಹೇಳಿದ್ದು ನೆನಪಾಯಿತು. ಅಷ್ಟು ವೇಗದಲ್ಲಿ ಹೋಗುವಾಗ ಎದುರಿನ ಗಾಳಿ ಒತ್ತಿ ಬಿಸಿಯಾಗುತ್ತದೆ, ಹಾಗಾಗಿ ರೆಕ್ಕೆಯೊಳಗಿನ ಇಂಧನ ಹೊರಗಿನಷ್ಟು ತಣ್ಣಗಾಗುವುದಿಲ್ಲವಂತೆ. ರಷ್ಯಾದ ಮೇಲೆ ಬಂದಾಗ ಬಲಗಡೆ ಕೆಂಪು ಸೂರ್ಯ ಅಂಚಿಗೆ ಅಂಟಿಕೊಂಡು ಕಂಡ. ಮೂರು ತಾಸಿನೊಳಗೆ ಮುಳುಗಿಯೂ ಹೋದ.

ಕೆಂಪು ದಾರ ಈಗಲೂ ಗ್ಲೋಬಿನ ಮೇಲೆ ಅಂಟಿಸಿದ ಹಾಗೇ ಇದೆ. ಅದನ್ನು ನಮ್ಮವರು ತೆಗೆಯಲು ಬಿಟ್ಟಿಲ್ಲ. ಮೊಣಕಾಲಿನ ಆಪರೇಷನ್ ಆಗಿ ಅವರು ಈಗ ಚೆನ್ನಾಗಿ ನಡೆಯುತ್ತಾರೆ. ಮುಂದಿನ ಬೇಸಿಗೆಗೆ ಇಬ್ಬರೂ ಹೋಗುವ ಮಾತು ನಡೆದಿದೆ. ಈ ಸಲ ದುಬೈಯಲ್ಲಿ ನಾಲ್ಕು ತಾಸು ಬಿಡುವು ಇರುವ ಟಿಕೆಟ್ ನೋಡು ಅಂತ ಮಗಳಿಗೆ ಹೇಳಿದ್ದೇನೆ, ಅವರು ಅವಸರದಲ್ಲಿ ನಡೆಯಬಾರದು. ಕಾರಿನವನಿಗೆ ತಾರೀಖು ಹೇಳುವ ಕೆಲಸ ನಾನೇ ಇಟ್ಟುಕೊಂಡಿದ್ದೇನೆ.